ಟಂಬಲ್‌ಡೌನ್ ಗುಡ್ಡ ಮತ್ತು ಅರ್ಜೆಂಟೀನಾದ 5ನೇ ಮರೀನ್ ಬೆಟಾಲಿಯನ್: ಅದೇ ವಯಸ್ಸಿನ ಹುಡುಗರು, ಇವರು ಮಾತ್ರ ಹೇಗೆ ನಿಂತರು?

ಬಂದರು_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಕ್ರೂಸ್ ಹಡಗಿನ ಗ್ಯಾಲಿಯಲ್ಲಿ ಅಡುಗೆಯವನು. ಊರು ಹೊನ್ನಾವರದ ಹತ್ತಿರ. ಯುದ್ಧದ ಇತಿಹಾಸ ಓದಿಕೊಂಡವನೇನಲ್ಲ, ತಪ್ಪಿದ್ದರೆ ತಿದ್ದಿ.

ನಮ್ಮ ಹಡಗು ಸೀಸನ್‌ನಲ್ಲಿ ದಕ್ಷಿಣ ಅಮೆರಿಕಾದ ತುದಿಗೆ ಹೋಗುತ್ತದೆ. ಮೊದಲು ಉಷುಆಯಾ, ಆಮೇಲೆ ಫಾಕ್‌ಲ್ಯಾಂಡ್ ದ್ವೀಪದ ಸ್ಟ್ಯಾನ್ಲಿ. ಕಳೆದ ಸಲ ಸ್ಟ್ಯಾನ್ಲಿಯಲ್ಲಿ ನನಗೆ ಅರ್ಧ ದಿನ ಬಿಡುವು ಸಿಕ್ಕಿತು. ಜೊತೆಯ ಹುಡುಗರು ಪೆಂಗ್ವಿನ್ ನೋಡಲು ಹೋದರು. ನನಗೆ ಪೆಂಗ್ವಿನ್ ನೋಡಿ ನೋಡಿ ಸಾಕಾಗಿತ್ತು. ಊರಿನ ಪಶ್ಚಿಮಕ್ಕೆ ಹಲ್ಲು ಹಲ್ಲು ಬಂಡೆಯ ಒಂದು ಗುಡ್ಡ ಕಾಣುತ್ತದೆ, ಟಂಬಲ್‌ಡೌನ್ ಅಂತ ಹೆಸರು. ಅಲ್ಲಿಗೆ ಹೋದೆ. ಎತ್ತರ 228 ಮೀಟರ್ ಅಷ್ಟೆ, ನಮ್ಮ ಜೋಗದಷ್ಟೂ ಇಲ್ಲ. ಆದರೆ ಗಾಳಿ ಇದೆಯಲ್ಲ, ನಿಂತಲ್ಲಿ ನಿಲ್ಲೋಕೆ ಬಿಡಲ್ಲ. ಒಂದು ಮರ ಇಲ್ಲ. ಕಾಲಿಟ್ಟರೆ ನೆಲ ಸ್ಪಂಜಿನ ಹಾಗೆ ಒತ್ತುತ್ತದೆ, ಬೂಟಿನ ಸುತ್ತ ಕಪ್ಪು ನೀರು ಬರುತ್ತದೆ.

ಗುಡ್ಡದ ತುದಿಯಲ್ಲಿ ಬ್ರಿಟಿಷ್ ಸ್ಕಾಟ್ಸ್ ಗಾರ್ಡ್ಸ್ ನೆನಪಿಗೆ ಒಂದು ಶಿಲುಬೆ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಬಂಡೆಗಳ ಮಧ್ಯೆ ತುಕ್ಕು ಹಿಡಿದ ಎರಡು ಚಕ್ರದ ಗಾಡಿ ಬಿದ್ದಿತ್ತು. ಹತ್ತಿರ ಹೋಗಿ ನೋಡಿದರೆ ಅಡುಗೆ ಗಾಡಿ! ಹಂಡೆ ಕೂರಿಸುವ ಜಾಗ, ಕೆಳಗೆ ಒಲೆ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದವರು ಬಿಟ್ಟು ಹೋದದ್ದು. ದಿನಾ ಸಾವಿರಾರು ಜನರಿಗೆ ಬೇಯಿಸುವವನು ನಾನು, ನನ್ನ ಕಣ್ಣು ಅಲ್ಲಿಗೇ ಹೋಗೋದು ಸಹಜ ಅಲ್ವಾ. ಈ ಗಾಳಿಯಲ್ಲಿ ಒಲೆ ಹೇಗೆ ಹಚ್ಚಿದರೋ ಅಂತ ಯೋಚಿಸುತ್ತಾ ನಿಂತೆ.

ವಾಪಸ್ ಬರುವಾಗ ಟ್ಯಾಕ್ಸಿ ಓಡಿಸುತ್ತಿದ್ದ ಸ್ಥಳೀಯ ಅಜ್ಜ ಹೇಳಿದರು: "ಉಳಿದ ಕಡೆ ಅರ್ಜೆಂಟೀನಾದವರು ಬೇಗ ಕೈ ಎತ್ತಿದರು. ಈ ಗುಡ್ಡದಲ್ಲಿ ಇದ್ದವರು ಮರೀನ್‌ಗಳು. ಅವರು ಬೇರೆ."

ಮರೀನ್ ಅಂದರೆ ನೌಕಾಪಡೆಯ ಪದಾತಿ ಸೈನಿಕರು. ಸರಿ, ಬೇರೆ ಅಂದರೆ ಏನು? ಆ ಸೈನ್ಯದ ಬಹುಪಾಲು 18–19 ವರ್ಷದ, ಕಡ್ಡಾಯ ಸೇವೆಗೆ ಎಳೆದು ತಂದ ಹುಡುಗರೇ ಅಂತೆ. ಮರೀನ್‌ಗಳೂ ಅದೇ ವಯಸ್ಸಿನವರು. ಮತ್ತೆ ಇವರು ಮಾತ್ರ ಹೇಗೆ? ಗೊತ್ತಿದ್ದವರು ಹೇಳಿ.

ಮೇಷ್ಟ್ರು_ಹಾಸನ

ಒಳ್ಳೆ ಪ್ರಶ್ನೆ ತಂದಿರಿ. ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ.

ಆ ದ್ವೀಪಗಳನ್ನು ಬ್ರಿಟಿಷರು ಫಾಕ್‌ಲ್ಯಾಂಡ್ ಅಂತಾರೆ, ಅರ್ಜೆಂಟೀನಾದವರು ಮಾಲ್ವಿನಾಸ್ ಅಂತಾರೆ. 1982ರ ಏಪ್ರಿಲ್ 2ರಂದು ಅರ್ಜೆಂಟೀನಾದ ಸೇನಾ ಸರ್ಕಾರ ಅದನ್ನು ಹಿಡಿಯಿತು. 74 ದಿನ ಯುದ್ಧ. ಅರ್ಜೆಂಟೀನಾದ 649 ಜನ, ಬ್ರಿಟನ್ನಿನ 255 ಜನ, ದ್ವೀಪದ ಮೂವರು ಹೆಂಗಸರು ಸತ್ತರು.

ನೀವು ನಿಂತಿದ್ದ ಗುಡ್ಡದಲ್ಲಿ ಇದ್ದದ್ದು ಅರ್ಜೆಂಟೀನಾ ನೌಕಾಪಡೆಯ 5ನೇ ಮರೀನ್ ಪದಾತಿ ಬೆಟಾಲಿಯನ್. ಅಲ್ಲಿ ಚಿಕ್ಕದಾಗಿ 'ಬಿಮ್ 5' ಅಂತಾರೆ. ಕಮಾಂಡರ್ ಕಾರ್ಲೋಸ್ ಉಗೋ ರೊಬಾಸಿಯೊ. ಬಹಳ ಜನ ಒಂದು ತಪ್ಪು ಮಾಡುತ್ತಾರೆ: ಏಪ್ರಿಲ್ 2ಕ್ಕೆ ದ್ವೀಪಕ್ಕೆ ಇಳಿದ ಮರೀನ್‌ಗಳೂ ಇವರೇ ಅಂದುಕೊಳ್ಳುತ್ತಾರೆ. ಅಲ್ಲ. ಅವತ್ತು ಇಳಿದದ್ದು 2ನೇ ಬೆಟಾಲಿಯನ್ ಮತ್ತು ನೌಕಾಪಡೆಯ ಕಮಾಂಡೋಗಳು. ಗವರ್ನರ್ ಮನೆ ಮುಂದೆ ಸತ್ತ ಪೆದ್ರೊ ಜಕಿನೊ ಆ ಗುಂಪಿನವರು. ಅವರ ಕೆಲಸ ಮುಗಿಯಿತು, ವಾಪಸ್ ಹೋದರು. 5ನೇಯವರು ಬಂದದ್ದು ಕೆಲವು ದಿನ ಬಿಟ್ಟು, ಕಾವಲಿಗೆ. ಟಂಬಲ್‌ಡೌನ್, ಪಕ್ಕದ ಮೌಂಟ್ ವಿಲಿಯಂ, ಊರಿಗೆ ಹತ್ತಿರದ ಸ್ಯಾಪರ್ ಹಿಲ್, ಈ ಮೂರು ಅವರ ಪಾಲಿಗೆ ಬಂತು. ಎರಡು ತಿಂಗಳು ಅಗೆಯುತ್ತಾ ಕೂತರು.

ಈಗ ನಿಮ್ಮ ಪ್ರಶ್ನೆಗೆ. ಭೂಪಟ ತೆಗೆದು ನೋಡಿ. ಈ ಬೆಟಾಲಿಯನ್‌ನ ಮನೆ ರಿಯೊ ಗ್ರಾಂದೆ, ತಿಯೆರ್ರಾ ದೆಲ್ ಫುಯೆಗೊ ದ್ವೀಪದಲ್ಲಿ. ಅಂದರೆ ದೇಶದ ದಕ್ಷಿಣದ ತುತ್ತ ತುದಿ. ಅದೇ ಚಳಿ, ಅದೇ ಗಾಳಿ, ಅದೇ ಜೌಗು. ಅವರಿಗೆ ಮಾಲ್ವಿನಾಸ್ ಅಂದರೆ ಪಕ್ಕದ ಊರಿಗೆ ಹೋದ ಹಾಗೆ. ಜೊತೆಗೆ 1978ರಲ್ಲಿ ಬೀಗಲ್ ಕಾಲುವೆಯ ದ್ವೀಪಗಳಿಗಾಗಿ ಚಿಲಿ ಜೊತೆ ಯುದ್ಧ ಆಗೇಬಿಡುತ್ತೆ ಅನ್ನುವ ಪರಿಸ್ಥಿತಿ ಬಂದಿತ್ತು. ಆ ಗಡಿಯ ದಳ ಅದು. ಚಳಿಯಲ್ಲಿ ಕಂದಕ ತೋಡಿ ಕಾಯೋದು ಅವರಿಗೆ ಹೊಸದಲ್ಲ.

ಭೂಸೇನೆ ಕಳಿಸಿದ್ದು ಯಾರನ್ನು ಗೊತ್ತಾ? 3ನೇ ಬ್ರಿಗೇಡನ್ನು. ಅದು ಉತ್ತರದ ಕೊರಿಯೆಂತೆಸ್ ಪ್ರಾಂತದ್ದು, ಪರಾಗ್ವೆ ಗಡಿ, ಸೆಕೆ ನಾಡು. ರಾಯಚೂರಿನಲ್ಲಿ ಭರ್ತಿ ಮಾಡಿ, ರಾಯಚೂರಲ್ಲೇ ತರಬೇತಿ ಕೊಟ್ಟು, ನೇರ ಸಿಯಾಚಿನ್‌ಗೆ ಇಳಿಸಿದ ಹಾಗೆ. ಅವರ ಭಾರದ ಸಾಮಾನು ಹಡಗಿನಲ್ಲಿ ಬರಬೇಕಿತ್ತು, ಬರಲೇ ಇಲ್ಲ. ಚಳಿ ಗೊತ್ತಿದ್ದ ಪರ್ವತ ಬ್ರಿಗೇಡ್‌ಗಳನ್ನು ಚಿಲಿ ಮೇಲಿನ ಅನುಮಾನಕ್ಕೆ ಗಡಿಯಲ್ಲೇ ಇಟ್ಟುಕೊಂಡರು.

ಹಳೇ_ಬೂಟು

ನಾನು ಕೊಡಗಿನವ, ಸುಬೇದಾರ್ ಆಗಿ ರಿಟೈರ್ ಆದವ. ಎತ್ತರದ ಪೋಸ್ಟ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಮೇಷ್ಟ್ರು ಹೇಳಿದ್ದು ಸರಿ, ಆದರೆ ಚಳಿ ಊರಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಚಳಿ ತಡೆಯೋದಿಲ್ಲ. ಕಾಲು ಒಣಗಿರಬೇಕು. ಅಷ್ಟೇ.

ನಮ್ಮಲ್ಲಿ ಒಣ ಚಳಿ, ಹಿಮ ಕಚ್ಚುತ್ತದೆ. ಅಲ್ಲಿ ಒದ್ದೆ ಚಳಿ. ತಮ್ಮಾ, ನೀನು ಬರೆದೆಯಲ್ಲ, ಬೂಟಿನ ಸುತ್ತ ಕಪ್ಪು ನೀರು ಅಂತ, ಅದೇ ಶತ್ರು. ಒಂದಡಿ ಅಗೆದರೆ ಮೋರ್ಚಾದಲ್ಲಿ, ಅಂದರೆ ಕಂದಕದಲ್ಲಿ, ನೀರು ನಿಲ್ಲುತ್ತದೆ. ವಾರಗಟ್ಟಲೆ ಅದರಲ್ಲಿ ಕೂತರೆ ಕಾಲು ಊದಿ, ನೀಲಿಯಾಗಿ, ಸ್ಪರ್ಶ ಹೋಗುತ್ತದೆ. ಟ್ರೆಂಚ್ ಫುಟ್ ಅಂತಾರೆ. ಆ ಯುದ್ಧದಲ್ಲಿ ಎರಡೂ ಕಡೆ ನೂರಾರು ಜನಕ್ಕೆ ಬಂತು. ಬೂಟು ಕಳಚಿ, ಕಾಲು ಉಜ್ಜಿ, ಸಾಕ್ಸ್ ಬದಲಿಸಿ ಅಂತ ದಿನಕ್ಕೊಮ್ಮೆ ಒಬ್ಬ ಹವಾಲ್ದಾರ್ ಹಿಂದೆ ಬಿದ್ದು ಮಾಡಿಸಬೇಕು. ಹುಡುಗರು ತಾವಾಗಿ ಮಾಡೋದಿಲ್ಲ. ನಾನೂ ಮಾಡುತ್ತಿರಲಿಲ್ಲ, ಬೈಸಿಕೊಂಡೇ ಕಲಿತದ್ದು.

ನಿನ್ನ ಅಡುಗೆ ಗಾಡಿ ವಿಷಯ ಓದಿ ಖುಷಿಯಾಯಿತು. ನಮ್ಮಲ್ಲಿ ಅದಕ್ಕೆ ಲಂಗರ್ ಅಂತಾರೆ. ಒಂದು ಪಲ್ಟನ್ ಹೇಗಿದೆ ಅಂತ ಗೊತ್ತಾಗಬೇಕಾದರೆ ನಾನು ಲಂಗರ್‌ನಿಂದ ಮುಂದಿನ ಮೋರ್ಚಾಕ್ಕೆ ಎಷ್ಟು ದೂರ ಅಂತ ನೋಡುತ್ತೇನೆ. ಹತ್ತಿರ ಇದ್ದರೆ ಬಿಸಿ ಊಟ ಬಿಸಿಯಾಗೇ ತಲುಪುತ್ತದೆ. ದೂರ ಇದ್ದರೆ ತಣ್ಣಗಾದ ಬೇಳೆ, ಆಮೇಲೆ ಅದೂ ಇಲ್ಲ.

ಶಿರಸಿ_ಅಡಿಕೆ

ಅಲ್ಲ ಮಾರಾಯ, ಎಲ್ಲ ಸರಿ, ಆದರೆ ಈ 'ಮರೀನ್ ಅಂದರೆ ಬೇರೆ ಜಾತಿ' ಅನ್ನೋ ಕಥೆ ನನಗೆ ಹಿಡಿಸಲ್ಲ. ಪ್ರತಿ ದೇಶದಲ್ಲೂ ಇದೇ ಹಾಡು. ಸೋತ ಮೇಲೆ ಒಂದು ತುಕಡಿಯನ್ನು ಎತ್ತಿ ಹಿಡಿದು 'ನಾವು ಸೋಲಲಿಲ್ಲ, ಪಕ್ಕದವರು ಸೋತರು' ಅನ್ನೋದು. ಮೊದಲು ಆ ರಾತ್ರಿ ಏನಾಯಿತು ಅಂತ ಹೇಳಿ, ಆಮೇಲೆ ಹಾರ ಹಾಕೋಣ.

ಮೇಷ್ಟ್ರು_ಹಾಸನ

ಆಗಲಿ. ಜೂನ್ 13ರ ರಾತ್ರಿ, ಅಲ್ಲಿ ನಡು ಚಳಿಗಾಲ. ಬ್ರಿಟಿಷರ ಕೈಯಲ್ಲಿ ಆಗಲೇ ಹೊರಗಿನ ಗುಡ್ಡಗಳಿದ್ದವು: ಲಾಂಗ್‌ಡನ್, ಟೂ ಸಿಸ್ಟರ್ಸ್, ಹ್ಯಾರಿಯಟ್. ಟಂಬಲ್‌ಡೌನ್ ಹೋದರೆ ಸ್ಟ್ಯಾನ್ಲಿಗೆ ತಡೆಯೇ ಇಲ್ಲ. ಹತ್ತಲು ಬಂದದ್ದು ಸ್ಕಾಟ್ಸ್ ಗಾರ್ಡ್ಸ್‌ನ 2ನೇ ಬೆಟಾಲಿಯನ್. ಲಂಡನ್ ಅರಮನೆ ಮುಂದೆ ಕೆಂಪು ಕೋಟು, ಕರಡಿ ಟೋಪಿ ಹಾಕಿ ಕಾವಲು ನಿಲ್ಲುತ್ತಾರಲ್ಲ, ಅವರೇ. ಐಷಾರಾಮಿ ಹಡಗು ಕ್ಯೂಇ 2ರಲ್ಲಿ ದಕ್ಷಿಣಕ್ಕೆ ಬಂದಿದ್ದರು.

ಮೊದಲು ದಕ್ಷಿಣದ ಕಡೆ ಮೇಜರ್ ರಿಚರ್ಡ್ ಬೆಥೆಲ್ ಜೊತೆ ಒಂದು ಸಣ್ಣ ಗುಂಪು ಸುಳ್ಳು ದಾಳಿ ಮಾಡಿತು. ಗಮನ ಆ ಕಡೆ ಹೋಗಲಿ ಅಂತ. ಅದು ಸುಳ್ಳು ದಾಳಿಯಾಗಿ ಉಳಿಯಲಿಲ್ಲ, ಜೋರು ಕಾಳಗವೇ ಆಯಿತು. ವಾಪಸ್ ಬರುವಾಗ ನೆಲಬಾಂಬ್ ಹೂತ ಜಾಗಕ್ಕೆ ಸಿಕ್ಕಿಕೊಂಡರು.

ಮುಖ್ಯ ದಾಳಿ ಪಶ್ಚಿಮದಿಂದ. ಮೊದಲ ಭಾಗದಲ್ಲಿ ಯಾರೂ ಇರಲಿಲ್ಲ, ಸದ್ದಿಲ್ಲದೆ ಸಿಕ್ಕಿತು. ಎರಡನೇ ಭಾಗಕ್ಕೆ ಮೇಜರ್ ಜಾನ್ ಕಿಸ್ಲಿಯ ಕಂಪನಿ ಬಂದಾಗ ಬಂಡೆಗಳ ಸಂದಿಯಿಂದ ಬೆಂಕಿ ಶುರುವಾಯಿತು. ಅಲ್ಲಿದ್ದದ್ದು 5ನೇ ಬೆಟಾಲಿಯನ್‌ನ ನಾಲ್ಕನೇ ಪ್ಲಟೂನ್, ಮುಂದಾಳು ಕಾರ್ಲೋಸ್ ದಾನಿಯೆಲ್ ವಾಸ್ಕೆಸ್ ಅನ್ನುವ ಕಿರಿಯ ಅಧಿಕಾರಿ. ಬ್ರಿಟಿಷರು ಗಂಟೆಗಟ್ಟಲೆ ಅಲ್ಲೇ ನಿಂತರು. ಹಿಮ ಬೀಳುತ್ತಿತ್ತು. ಒಂದು ಹಂತದಲ್ಲಿ ಸ್ಕಾಟ್ಸ್ ಗಾರ್ಡ್ಸ್ ಕಂದಕಗಳ ನಡುವೆಯೇ ಬಂದುಬಿಟ್ಟರು. ಆಗ ವಾಸ್ಕೆಸ್ ರೇಡಿಯೋದಲ್ಲಿ ಕೇಳಿದ್ದು: ನಮ್ಮ ಜಾಗದ ಮೇಲೇ ಶೆಲ್ ಹಾಕಿ. ತಾವು ಕಂದಕದಲ್ಲಿ, ಎದುರಿನವರು ಬಯಲಲ್ಲಿ ಅನ್ನೋ ಲೆಕ್ಕ.

ಕೊನೆಗೆ ಬಯೊನೆಟ್, ಗ್ರೆನೇಡ್, ಒಂದೊಂದೇ ಬಂಡೆ. ಕಿಸ್ಲಿಯೇ ಬಯೊನೆಟ್ ಬಳಸಿದರು. ತುದಿ ಮುಟ್ಟಿದಾಗ ಅವರ ಜೊತೆ ಉಳಿದದ್ದು ಆರು ಜನ. ಆಮೇಲೆ ಇನ್ನೊಂದು ಕಂಪನಿ ಬಂದು ಪೂರ್ವದ ತುದಿ ಹಿಡಿಯಿತು. ಬೆಳಗಾಗುವ ಹೊತ್ತಿಗೆ ಗುಡ್ಡ ಬ್ರಿಟಿಷರದ್ದು. ಸ್ಕಾಟ್ಸ್ ಗಾರ್ಡ್ಸ್‌ನ 8 ಜನ ಸತ್ತರು, 40ಕ್ಕೂ ಹೆಚ್ಚು ಗಾಯ. 5ನೇ ಬೆಟಾಲಿಯನ್ ಇಡೀ ಯುದ್ಧದಲ್ಲಿ 16 ಜನರನ್ನು ಕಳೆದುಕೊಂಡಿತು.

ಅದೇ ದಿನ, ಜೂನ್ 14ರ ರಾತ್ರಿ, ದ್ವೀಪದಲ್ಲಿದ್ದ ಅರ್ಜೆಂಟೀನಾ ಪಡೆಯ ಮುಖ್ಯಸ್ಥ ಜನರಲ್ ಮೆನೆಂದೆಸ್ ಸ್ಟ್ಯಾನ್ಲಿಯಲ್ಲಿ ಶರಣಾಗತಿಗೆ ಸಹಿ ಹಾಕಿದರು.

ಶಿರಸಿ_ಅಡಿಕೆ

ಮೇಷ್ಟ್ರೇ, 16 ಜನ ಅಂದಿರಿ. ಆದರೆ ಆ ಗುಡ್ಡದಲ್ಲಿ ಅರ್ಜೆಂಟೀನಾದ ಸುಮಾರು 30 ಜನ ಸತ್ತರು ಅಂತ ನಾನು ಓದಿದ್ದು. ಮಿಕ್ಕವರು ಯಾರು?

ಮೇಷ್ಟ್ರು_ಹಾಸನ

ಸರಿಯಾದ ಕಡೆಯೇ ಕೈ ಇಟ್ಟಿರಿ. ಮಿಕ್ಕವರು ಭೂಸೇನೆಯವರು.

ಜೂನ್ 11–12ರ ರಾತ್ರಿ ಹೊರಗಿನ ಗುಡ್ಡಗಳು ಬಿದ್ದವಲ್ಲ. ಅಲ್ಲಿದ್ದ 4ನೇ ರೆಜಿಮೆಂಟ್‌ನ ಅಧಿಕಾರಿ ಆಸ್ಕರ್ ಸಿಲ್ವಾ ತನ್ನ ಜೊತೆ ಉಳಿದ ಹುಡುಗರನ್ನು ಕರೆದುಕೊಂಡು ಹಿಂದಕ್ಕೆ ಬಂದ. ಊರಿಗೆ ಹೋಗಿ ಬೆಚ್ಚಗೆ ಕೂರಬಹುದಿತ್ತು. ಹೋಗಲಿಲ್ಲ. ವಾಸ್ಕೆಸ್ ಪ್ಲಟೂನ್ ಪಕ್ಕದಲ್ಲೇ ಜಾಗ ಹಿಡಿದ. ಅಲ್ಲೇ ಸತ್ತ. 4ನೇ ರೆಜಿಮೆಂಟ್ ಎಲ್ಲಿಯದ್ದು? ಕೊರಿಯೆಂತೆಸ್. ನಾನು ಮೇಲೆ ಹೇಳಿದ ಸೆಕೆ ನಾಡಿನದ್ದೇ.

ಇನ್ನೊಬ್ಬ ಅಗುಸ್ತೊ ಲಾ ಮಾದ್ರಿದ್, 6ನೇ ರೆಜಿಮೆಂಟ್. ಗುಡ್ಡ ಅರ್ಧ ಹೋದ ಮೇಲೆ, ಬೆಳಗಿನ ಜಾವದಲ್ಲಿ ತನ್ನ ಪ್ಲಟೂನ್ ಕಟ್ಟಿಕೊಂಡು ಎದುರು ದಾಳಿಗೆ ಹೋದವನು. ಬದುಕುಳಿದ. ಅವನ ಕಂಪನಿಯ ಮೇಜರ್ ಹೈಮೆತ್ ಕಮಾಂಡೋ ತರಬೇತಿ ಪಡೆದವರು, ಹುಡುಗರನ್ನು ಮೊದಲೇ ಚೆನ್ನಾಗಿ ತಿದ್ದಿದ್ದರು.

ಶಿರಸಿ_ಅಡಿಕೆ

ಅದೇ ನಾನು ಹೇಳಿದ್ದು! ಬೋರ್ಡು ಮರೀನ್‌ದು, ಸತ್ತವರಲ್ಲಿ ಅರ್ಧ ಜನ ಭೂಸೇನೆಯ ಹುಡುಗರು. ಲಾಂಗ್‌ಡನ್ ಗುಡ್ಡದಲ್ಲೂ ಹಾಗೇ ಅಲ್ವಾ? 7ನೇ ರೆಜಿಮೆಂಟ್‌ನ ಹುಡುಗರು ರಾತ್ರಿಯಿಡೀ ಬ್ರಿಟಿಷ್ ಪ್ಯಾರಾಗಳನ್ನು (ಪ್ಯಾರಾಚೂಟ್ ಸೈನಿಕರನ್ನು) ನಿಲ್ಲಿಸಿದರು. ಪ್ಯಾರಾಗಳ ಕಡೆಯೇ 23 ಜನ ಸತ್ತರು. ಟಂಬಲ್‌ಡೌನ್‌ಗಿಂತ ಜಾಸ್ತಿ. ಹಾಗಿದ್ದರೆ ಹೊಗಳಿಕೆ ಎಲ್ಲ ಒಂದೇ ಬೆಟಾಲಿಯನ್‌ಗೆ ಯಾಕೆ?

ಮೇಷ್ಟ್ರು_ಹಾಸನ

ನಿಜ. ಲಾಂಗ್‌ಡನ್‌ನಲ್ಲಿ ಮರೀನ್‌ಗಳ ಹೆವಿ ಮೆಷಿನ್ ಗನ್ ತಂಡವೂ ಇತ್ತು, ಅದನ್ನೂ ಸೇರಿಸಿಕೊಳ್ಳಿ. ಆದರೆ ನಿಮ್ಮ ಮಾತು ತಪ್ಪಲ್ಲ.

ನನ್ನ ಅಭಿಪ್ರಾಯ ಹೇಳುತ್ತೇನೆ. ಬೇರೆ ಕಡೆ ಒಬ್ಬ ಒಳ್ಳೆ ಸಿಲ್ವಾ, ಒಬ್ಬ ಒಳ್ಳೆ ಹೈಮೆತ್ ಇದ್ದರೆ ಅಲ್ಲಿ ಹುಡುಗರು ನಿಂತರು, ಇಲ್ಲದಿದ್ದರೆ ಇಲ್ಲ. 5ನೇ ಬೆಟಾಲಿಯನ್‌ನಲ್ಲಿ ಅದು ಅದೃಷ್ಟದ ಮೇಲೆ ನಿಂತಿರಲಿಲ್ಲ, ವ್ಯವಸ್ಥೆಯಾಗಿ ಇತ್ತು. ಎರಡು ಉದಾಹರಣೆ. ಭೂಸೇನೆ ವರ್ಷಕ್ಕೊಮ್ಮೆ ಒಟ್ಟಿಗೆ ಭರ್ತಿ ಮಾಡುತ್ತಿತ್ತು. ಹಾಗಾಗಿ ಏಪ್ರಿಲ್‌ನಲ್ಲಿ ಅವರ ಹತ್ತಿರ ಇದ್ದದ್ದು ಕೆಲವೇ ವಾರ ತರಬೇತಿ ಆದ ಹೊಸಬರು. ಹಿಂದಿನ ವರ್ಷ ಮನೆಗೆ ಹೋದವರನ್ನು ಮತ್ತೆ ಕರೆಸಬೇಕಾಯಿತು. ನೌಕಾಪಡೆ ಬ್ಯಾಚ್ ಬ್ಯಾಚಾಗಿ ಸೇರಿಸಿಕೊಳ್ಳುತ್ತಿತ್ತು, ಸೇವೆಯೂ 14 ತಿಂಗಳು. ಯಾವಾಗ ಹೋಗಿ ನೋಡಿದರೂ ಹಳಬರ ಪಕ್ಕದಲ್ಲಿ ಹೊಸಬರು. ಎರಡನೆಯದು, ಕಾಯಂ ಸಿಪಾಯಿಗಳು ಮತ್ತು ಹವಾಲ್ದಾರ್ ಮಟ್ಟದವರು ಮರೀನ್‌ಗಳಲ್ಲಿ ಹುಡುಗರ ಜೊತೆಗೇ ಕಂದಕದಲ್ಲಿ ಇದ್ದರು. ಚಳಿಗೆ ತಕ್ಕ ಬಟ್ಟೆ, ರಾತ್ರಿ ನೋಡುವ ದುರ್ಬೀನು, ಭಾರದ ಮಾರ್ಟರ್, ಹಿಂದೆ ತಮ್ಮದೇ 105 ಮಿ.ಮೀ. ಫಿರಂಗಿಗಳು. ಎಲ್ಲ ಮನೆಯಿಂದ ತಂದುಕೊಂಡಿದ್ದರು.

ಹಳೇ_ಬೂಟು

'ಹಳಬರ ಪಕ್ಕದಲ್ಲಿ ಹೊಸಬರು' ಅಂದಿರಲ್ಲ ಮೇಷ್ಟ್ರೇ, ಆ ಒಂದು ಮಾತಿಗೆ ನನ್ನ ಸಲಾಂ. ಶೆಲ್ ಬೀಳುವಾಗ ಹೊಸ ಹುಡುಗ ಆಫೀಸರ್ ಮುಖ ನೋಡೋದಿಲ್ಲ. ಆಫೀಸರ್ ಎಲ್ಲೋ ಇರುತ್ತಾನೆ. ಪಕ್ಕದವನ ಮುಖ ನೋಡುತ್ತಾನೆ. ಪಕ್ಕದವ ಬೀಡಿ ಹಚ್ಚಿಕೊಂಡರೆ ಇವನೂ ಉಸಿರು ಬಿಡುತ್ತಾನೆ.

ಇನ್ನೊಂದು ವಿಷಯ. ಆ ನೆಲ ಶಪಿಸಿದಷ್ಟೇ ಕಾಪಾಡಿದೆ. ಪೀಟ್ ಅಂತಾರೆ ಅದಕ್ಕೆ, ಹುಲ್ಲು ಪಾಚಿ ಎಲ್ಲ ಅರೆಕೊಳೆತು ಒತ್ತಿಕೊಂಡ ಮಣ್ಣು. ಶೆಲ್ ಬಿದ್ದರೆ ಒಳಗೆ ಹೂತುಕೊಂಡು ಸಿಡಿಯುತ್ತದೆ, ಚೂರುಗಳು ಅಷ್ಟು ದೂರ ಹಾರೋದಿಲ್ಲ. ಬಂಡೆ ಮೇಲೆ ಬಿದ್ದರೆ ಮಾತ್ರ ಉಲ್ಟಾ, ಕಲ್ಲಿನ ಚೂರೂ ಗುಂಡಾಗುತ್ತದೆ. ಟಂಬಲ್‌ಡೌನ್‌ನಲ್ಲಿ ಎರಡೂ ಇದೆ.

ಮತ್ತೆ ಬಂದೂಕು. ನಗಬೇಡಿ, ನನಗೆ ಆ ಯುದ್ಧದ ಫೋಟೋ ನೋಡಿದರೆ ಮನೆ ನೆನಪಾಗುತ್ತದೆ. ಬ್ರಿಟಿಷರ ಕೈಯಲ್ಲಿ ಎಸ್‌ಎಲ್‌ಆರ್, ಅರ್ಜೆಂಟೀನಾದವರ ಕೈಯಲ್ಲಿ ಫಾಲ್. ಎರಡೂ ಒಂದೇ ಬೆಲ್ಜಿಯಂ ತಾಯಿಯ ಮಕ್ಕಳು, ಗುಂಡು ಅದೇ 7.62. ನಮ್ಮ ಇಷಾಪುರದ 1ಎ1 ಕೂಡ ಅದೇ ವಂಶ. ಅದನ್ನು ಹೆಗಲಿಗೆ ಹಾಕಿ ನಾನು ನಡೆದಷ್ಟು ದೂರ ನನ್ನ ಹೆಂಡತಿ ಜೊತೆ ನಡೆದಿಲ್ಲ. ಅರ್ಜೆಂಟೀನಾದ ಫಾಲ್ ಮಾತ್ರ ಒಂದೇ ಸಮನೆ ಹಾರಿಸಬಲ್ಲದು, ಬ್ರಿಟಿಷರದ್ದು ನಮ್ಮದರ ಹಾಗೆ ಒಂದು ಒತ್ತಿಗೆ ಒಂದೇ. ಕತ್ತಲಲ್ಲಿ ಬಂಡೆ ಸಂದಿಯಲ್ಲಿ ಶಬ್ದ ಕೇಳಿ ನಮ್ಮವನಾ, ಅವರವನಾ ಅಂತ ಹೇಳೋದು ಕಷ್ಟವೇ.

ವಿರಾಟ್_ಅಭಿಮಾನಿ

ನಮ್ಮ ದೇಶದ ನಂಟು ಇನ್ನೂ ಇದೆ, ಯಾರೂ ಹೇಳಲಿಲ್ಲ. ಬ್ರಿಟಿಷರ ಆ ಪಡೆಯ ಮುಖ್ಯ ಹಡಗು ಎಚ್‌ಎಂಎಸ್ ಹರ್ಮಿಸ್. ಅದೇ 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆದದ್ದು. 2017ರವರೆಗೆ ನಮ್ಮಲ್ಲಿ ದುಡಿಯಿತು. 2020ರಲ್ಲಿ ಒಡೆಯಲು ಗುಜರಾತಿನ ಅಲಂಗ್‌ಗೆ ಹೋಯಿತು. ಮ್ಯೂಸಿಯಂ ಮಾಡಿ ಅಂತ ಎಷ್ಟು ಜನ ಕೇಳಿಕೊಂಡರು, ಆಗಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತೆ.

ಹಳೇ_ಬೂಟು

ಹಾಗೆ ನೋಡಿದರೆ ಗೂರ್ಖಾಗಳೂ ಇದ್ದರು. ಬ್ರಿಟಿಷ್ ಸೇನೆಯ 7ನೇ ಗೂರ್ಖಾ ರೈಫಲ್ಸ್‌ನ 1ನೇ ಬೆಟಾಲಿಯನ್. 1947ರಲ್ಲಿ ರೆಜಿಮೆಂಟ್ ಹಂಚಿಕೊಂಡಾಗ 7ನೇಯದು ಬ್ರಿಟನ್ ಪಾಲಿಗೆ ಹೋಯಿತು. ಹೋಗಲ್ಲ ಅಂದವರನ್ನು ಸೇರಿಸಿ ನಮ್ಮಲ್ಲಿ 11ನೇ ಗೂರ್ಖಾ ರೈಫಲ್ಸ್ ಕಟ್ಟಿದರು. ಆವತ್ತು ಟಂಬಲ್‌ಡೌನ್ ಬಿದ್ದ ಮೇಲೆ ಮೌಂಟ್ ವಿಲಿಯಂ ಹಿಡಿಯೋದು ಅವರ ಕೆಲಸ. ಹೋದರೆ ಅಲ್ಲಿ ಯಾರೂ ಇಲ್ಲ. ಖುಕ್ರಿ ತೆಗೆಯೋಕೆ ಅವಕಾಶವೇ ಸಿಗಲಿಲ್ಲ ಅಂತ ಬೇಜಾರಾಗಿದ್ದರಂತೆ. ಕಾಳಗದಲ್ಲಿ ಅವರ ಒಬ್ಬನೂ ಸಾಯಲಿಲ್ಲ. ಯುದ್ಧ ಮುಗಿದ ಮೇಲೆ, ಹಳೇ ಮೋರ್ಚಾ ಮುಚ್ಚುವಾಗ ಮಣ್ಣಲ್ಲಿದ್ದ ಗ್ರೆನೇಡ್ ಸಿಡಿದು ಒಬ್ಬ ಹುಡುಗ ಹೋದ.

ರಾಗಿಮುದ್ದೆ_ಬ್ಯೂನಸ್

ನಾನು ತುಮಕೂರಿನವಳು, ಕೆಲಸದ ಮೇಲೆ ಬ್ಯೂನಸ್ ಐರಿಸ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಇಲ್ಲಿಂದ ನೋಡಿದರೆ ಹೇಗೆ ಕಾಣುತ್ತೆ ಅಂತ ಹೇಳಲಾ?

ಮಾಲ್ವಿನಾಸ್ ಇಲ್ಲಿ ಇತಿಹಾಸ ಅಲ್ಲ, ದಿನದ ವಿಷಯ. ಹೆದ್ದಾರಿ ಬೋರ್ಡ್‌ನಲ್ಲಿ, ಬಸ್ಸಿನ ಹಿಂದೆ, ನೋಟಿನ ಮೇಲೆ ಕೂಡ ಬಂದಿದೆ. ಏಪ್ರಿಲ್ 2 ರಜೆ. ರೆತಿರೊ ರೈಲು ನಿಲ್ದಾಣದ ಎದುರಿನ ಪಾರ್ಕಿನಲ್ಲಿ ಕಪ್ಪು ಕಲ್ಲಿನ ಹಲಗೆಗಳಲ್ಲಿ 649 ಹೆಸರು ಕೆತ್ತಿದ್ದಾರೆ. ರ‍್ಯಾಂಕ್ ಇಲ್ಲ, ಬರೀ ಹೆಸರು. ಅದರ ನೇರ ಎದುರಿಗೆ ಏನಿದೆ ಗೊತ್ತಾ? ಗಡಿಯಾರ ಗೋಪುರ. ಇಲ್ಲಿನ ಬ್ರಿಟಿಷ್ ಸಮುದಾಯ ಉಡುಗೊರೆ ಕೊಟ್ಟದ್ದು. 'ಇಂಗ್ಲಿಷರ ಗೋಪುರ' ಅಂತಲೇ ಹೆಸರಿತ್ತು, ಯುದ್ಧ ಆದ ಮೇಲೆ ಹೆಸರು ಬದಲಿಸಿದರು. ಜನ ಈಗಲೂ ಹಳೇ ಹೆಸರೇ ಹೇಳ್ತಾರೆ.

5ನೇ ಬೆಟಾಲಿಯನ್ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಕೊನೆಯ ದಿನ ಉಳಿದವರು ಚದುರಿ ಹಿಂದೆ ಸರಿಯುವಾಗ ಇವರು ಸಾಲು ಹಿಡಿದು, ಆಯುಧ ಹೊತ್ತು ಸ್ಟ್ಯಾನ್ಲಿ ಬೀದಿಯಲ್ಲಿ ನಡೆದು ಬಂದರು ಅನ್ನೋದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ರಿಯೊ ಗ್ರಾಂದೆ ಊರು ಈಗ 'ಮಾಲ್ವಿನಾಸ್ ಜಾಗರಣೆಯ ರಾಷ್ಟ್ರೀಯ ರಾಜಧಾನಿ'. ಪ್ರತಿ ವರ್ಷ ಏಪ್ರಿಲ್ 1ರ ರಾತ್ರಿ ಇಡೀ ಊರು ಸಮುದ್ರದ ಪಕ್ಕ ಸೇರಿ ಬೆಳಗಿನವರೆಗೆ ಕಾಯುತ್ತೆ. ನಾನು ಒಂದು ಸಲ ಹೋಗಿದ್ದೆ. ಶಿವರಾತ್ರಿ ಜಾಗರಣೆ ಮಾಡಿ ಅಭ್ಯಾಸ ಇದ್ದ ನನಗೂ ಆ ಚಳಿಯಲ್ಲಿ ಎರಡು ಗಂಟೆ ಮೇಲೆ ಆಗಲಿಲ್ಲ, ಸುಮ್ನೆ ಕಾರಲ್ಲಿ ಹೋಗಿ ಕೂತೆ. ವಯಸ್ಸಾದ ಮರೀನ್‌ಗಳು ಬೆರೆಟ್ ಟೋಪಿ ಹಾಕಿಕೊಂಡು ನಿಂತೇ ಇದ್ದರು.

ಆದರೆ ಶಿರಸಿ ಅಣ್ಣ ಕೇಳಿದ್ದು ಇಲ್ಲೂ ಕೇಳ್ತಾರೆ. ಎರಡು ಕಾರಣಕ್ಕೆ. ಒಂದು, ಅದು ಸರ್ವಾಧಿಕಾರದ ಕಾಲ. ಇದೇ ನೌಕಾಪಡೆ ಬ್ಯೂನಸ್ ಐರಿಸ್‌ನ ತನ್ನ ಮೆಕ್ಯಾನಿಕ್ಸ್ ಶಾಲೆಯಲ್ಲಿ ಸಾವಿರಾರು ಜನರನ್ನು ಕೂಡಿಹಾಕಿ ಹಿಂಸೆ ಕೊಟ್ಟಿತು, ಬಹಳ ಜನ ವಾಪಸ್ ಬರಲಿಲ್ಲ. ಅಪ್ಪನನ್ನೋ ಅಣ್ಣನನ್ನೋ ಹಾಗೆ ಕಳೆದುಕೊಂಡವರ ಮುಂದೆ ನೌಕಾಪಡೆಯ ಶೌರ್ಯ ಅಂತ ಶುರು ಮಾಡಿ ನೋಡಿ. ಎದ್ದು ಹೋಗ್ತಾರೆ.

ಎರಡು, ದ್ವೀಪದಲ್ಲಿ ತಮ್ಮ ಹುಡುಗರನ್ನೇ ಹಿಂಸಿಸಿದ ಅಧಿಕಾರಿಗಳು ಇದ್ದರು. ಹಸಿವಿಗೆ ಕುರಿ ಕದ್ದ, ಊಟ ಕದ್ದ ಅಂತ ಹುಡುಗನ ಕೈಕಾಲು ಗೂಟಕ್ಕೆ ಕಟ್ಟಿ ಒದ್ದೆ ನೆಲದ ಮೇಲೆ ಗಂಟೆಗಟ್ಟಲೆ ಮಲಗಿಸಿದ್ದು ಕೋರ್ಟಿನಲ್ಲಿದೆ. ದೂರು ಹೋದದ್ದು 2007ರಲ್ಲಿ. ಯಾವ ಕೋರ್ಟಿಗೆ? ರಿಯೊ ಗ್ರಾಂದೆ ಫೆಡರಲ್ ಕೋರ್ಟಿಗೆ. ಜಾಗರಣೆ ಮಾಡುವ ಅದೇ ಊರು.

ಬಂದರು_ಹುಡುಗ

ಅಕ್ಕಾ, ಅದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಒಂದು ಕಡೆ ಬಿಸಿ ಊಟದ ಗಾಡಿ, ಇನ್ನೊಂದು ಕಡೆ ಊಟ ಕದ್ದ ಅಂತ ಗೂಟಕ್ಕೆ ಕಟ್ಟೋದು. ಒಂದೇ ದ್ವೀಪದಲ್ಲಿ.

ಊಟ ಯಾಕೆ ತಲುಪಲಿಲ್ಲ? ಹಡಗಿನಲ್ಲಿ ನಾವು ವಾರಗಟ್ಟಲೆ ಸ್ಟಾಕ್ ಇಟ್ಟೇ ಹೊರಡುತ್ತೇವೆ.

ಮೇಷ್ಟ್ರು_ಹಾಸನ

ಸ್ಟಾಕ್ ಸ್ಟ್ಯಾನ್ಲಿಯಲ್ಲಿ ಇತ್ತು. ಶರಣಾಗತಿ ಆದ ಮೇಲೆ ಊರಿನ ಕಂಟೇನರ್‌ಗಳಲ್ಲಿ ಊಟದ ರಾಶಿ ಸಿಕ್ಕಿತು. ಹಂಚೋಕೆ ಗಾಡಿ ಇರಲಿಲ್ಲ, ಇದ್ದ ಗಾಡಿ ಪೀಟ್‌ನಲ್ಲಿ ಹೂತುಕೊಳ್ಳುತ್ತಿತ್ತು, ಹೆಲಿಕಾಪ್ಟರ್ ಕಡಿಮೆ, ಮೇಲಿಂದ ಬ್ರಿಟಿಷರ ಹಾರಿಯರ್ ಯುದ್ಧ ವಿಮಾನ, ರಾತ್ರಿ ಬ್ರಿಟಿಷ್ ಹಡಗುಗಳ ಶೆಲ್. ಊರಿನಿಂದ ದೂರ ಇದ್ದವರು ಹಸಿದರು. 5ನೇಯವರ ಗುಡ್ಡ ಊರಿಗೆ ಹತ್ತಿರ, ಮತ್ತು ಅವರ ಸರಬರಾಜು ಸ್ವಂತದ್ದು. ಇದನ್ನು ಒಪ್ಪಿಕೊಳ್ಳಲೇಬೇಕು, ಶೌರ್ಯದ ಲೆಕ್ಕದಲ್ಲಿ ಈ ಆರೇಳು ಕಿಲೋಮೀಟರ್ ಕೂಡ ಸೇರಿದೆ.

ಶಿರಸಿ_ಅಡಿಕೆ

ಈಗ ಬಂತು ನೋಡಿ ದಾರಿಗೆ. ನನಗೆ ಆ ಹುಡುಗರ ಮೇಲೆ ಸಿಟ್ಟಿಲ್ಲ ಮಾರಾಯ್ರೇ. ನಿಂತು ಹೋರಾಡಿದರು, ಸರಿ. ಆದರೆ 'ಅವರು ಬೇರೆ' ಅನ್ನೋ ಮಾತು ಕೊರಿಯೆಂತೆಸ್ ಹುಡುಗನಿಗೆ ಬೈಗುಳ. ಅವನಿಗೆ ಒಣ ಸಾಕ್ಸ್ ಕೊಟ್ಟು, ಬಿಸಿ ಊಟ ಕೊಟ್ಟು, ಪಕ್ಕದಲ್ಲಿ ಹಳಬನೊಬ್ಬನನ್ನು ಕೂರಿಸಿದ್ದರೆ ಅವನೂ ನಿಲ್ಲುತ್ತಿದ್ದ. ಸಿಲ್ವಾ ಜೊತೆ ಬಂದವರು ನಿಂತರಲ್ಲ.

ಮತ್ತೆ ಆ ಟಂಬಲ್‌ಡೌನ್‌ನಲ್ಲಿ ನೂರಾರು ಬ್ರಿಟಿಷರು ಸತ್ತರು, ಮುಚ್ಚಿಟ್ಟರು ಅಂತ ವಾಟ್ಸ್ಆ್ಯಪ್ ಮಾದರಿ ಕಥೆ ಅಲ್ಲೂ ಓಡುತ್ತದೆ. ಬ್ರಿಟನ್ನಿನ ಕಡೆ ಸತ್ತ ಪ್ರತಿಯೊಬ್ಬನ ಹೆಸರೂ ಸ್ಮಾರಕದ ಕಲ್ಲಿನ ಮೇಲಿದೆ. ನೂರಾರು ಮನೆಯವರ ಬಾಯಿ ಮುಚ್ಚಿಸೋದು ಹೇಗೆ ಸಾಧ್ಯ?

ರಾಗಿಮುದ್ದೆ_ಬ್ಯೂನಸ್

ನಿಜ ಅಣ್ಣ, ಆ ಕಥೆ ಇಲ್ಲಿ ಓಡುತ್ತೆ. ಇಲ್ಲಿ ಬಾಯಿ ಮುಚ್ಚಿಸಿದ್ದು ಅರ್ಜೆಂಟೀನಾದ ಹುಡುಗರದ್ದೇ. ವಾಪಸ್ ಬಂದಾಗ ರಾತ್ರಿ ಹೊತ್ತು ಇಳಿಸಿದರು. ಅಲ್ಲಿ ಏನಾಯಿತು ಅಂತ ಯಾರಿಗೂ ಹೇಳಲ್ಲ ಅಂತ ಬರೆಸಿಕೊಂಡರು. ಕೆಲಸ ಸಿಗಲಿಲ್ಲ, ಬಸ್ಸು ರೈಲಿನಲ್ಲಿ ಸಣ್ಣ ಪುಟ್ಟ ಸಾಮಾನು ಮಾರಿದರು. ಜೀವ ತೆಗೆದುಕೊಂಡವರು ಬಹಳ.

ಕಡ್ಡಾಯ ಸೇವೆ ಕೊನೆಗೂ ನಿಂತದ್ದು 1994ರಲ್ಲಿ, ಅದೂ ಯುದ್ಧದ ಕಾರಣಕ್ಕಲ್ಲ. ಬ್ಯಾರಕ್‌ನಲ್ಲೇ ಒಬ್ಬ ಹೊಸ ಹುಡುಗನನ್ನು ಹೊಡೆದು ಕೊಂದ ಮೇಲೆ. ಈಗ 5ನೇ ಬೆಟಾಲಿಯನ್‌ನಲ್ಲಿ ಇರುವವರೆಲ್ಲ ತಾವಾಗಿ ಸೇರಿದವರು.

ಸತ್ತವರಲ್ಲಿ ಬಹಳ ಜನರ ಗೋರಿ ದ್ವೀಪದಲ್ಲೇ, ಡಾರ್ವಿನ್ ಅನ್ನುವ ಜಾಗದಲ್ಲಿ ಇದೆ. ಬಿಳಿ ಶಿಲುಬೆಗಳು. 121 ಗೋರಿಗಳ ಮೇಲೆ ಹೆಸರಿರಲಿಲ್ಲ, 'ಅರ್ಜೆಂಟೀನಾದ ಸೈನಿಕ, ದೇವರಿಗೆ ಮಾತ್ರ ಗೊತ್ತು' ಅಂತ ಇತ್ತು. 1983ರಲ್ಲಿ ಗುಡ್ಡಗಳಿಂದ ದೇಹಗಳನ್ನು ಒಟ್ಟುಮಾಡಿ ಹೂಳಿಸಿದ್ದು ಬ್ರಿಟಿಷ್ ಅಧಿಕಾರಿ ಜೆಫ್ರಿ ಕಾರ್ಡೊಸೊ. ಪ್ರತಿ ದೇಹವನ್ನೂ ಜತನವಾಗಿ ಸುತ್ತಿ, ಎಲ್ಲಿ ಸಿಕ್ಕಿತು, ಜೇಬಲ್ಲಿ ಏನಿತ್ತು ಅಂತ ಬರೆದಿಟ್ಟಿದ್ದರು. ವರ್ಷಗಳ ನಂತರ ಆ ಪಟ್ಟಿಯನ್ನು ಅರ್ಜೆಂಟೀನಾದ ಮಾಜಿ ಸೈನಿಕ ಹುಲಿಯೊ ಆರೊ ಕೈಗೆ ಕೊಟ್ಟರು. 2017ರಲ್ಲಿ ರೆಡ್ ಕ್ರಾಸ್ ಡಿಎನ್‌ಎ ಪರೀಕ್ಷೆ ಶುರು ಮಾಡಿತು. ಈಗ 110ಕ್ಕೂ ಹೆಚ್ಚು ಜನಕ್ಕೆ ಹೆಸರು ಸಿಕ್ಕಿದೆ. ಅಷ್ಟು ವರ್ಷ ಯಾವ ಶಿಲುಬೆ ಮುಂದೆ ನಿಲ್ಲಬೇಕು ಅಂತ ಗೊತ್ತಿಲ್ಲದ ಅಮ್ಮಂದಿರು 2018ರಲ್ಲಿ ಹೋಗಿ ಅಪ್ಪಿಕೊಂಡರು.

ಹಳೇ_ಬೂಟು

ಜೇಬಲ್ಲಿ ಏನಿತ್ತು ಅಂತ ಬರೆದಿಟ್ಟರಲ್ಲ, ಆ ಅಧಿಕಾರಿಗೆ ಕೈ ಮುಗಿಯುತ್ತೇನೆ. ಹಾಗೆ ಜೇಬು ನೋಡುವ ಕೆಲಸ ಒಂದು ಸಲ ನನ್ನ ಪಾಲಿಗೂ ಬಂದಿತ್ತು. ಅದರ ಬಗ್ಗೆ ಇಷ್ಟೇ.

ವಿರಾಟ್_ಅಭಿಮಾನಿ

ಒಂದು ಸಣ್ಣ ಪ್ರಶ್ನೆ. ಅಲ್ಲಿ ನೆಲಬಾಂಬ್ ಇನ್ನೂ ಇದೆಯಾ? ಬಂದರು ಅಣ್ಣ ಹಾಗೇ ಗುಡ್ಡ ಹತ್ತಿಬಿಟ್ಟರಲ್ಲ!

ಮೇಷ್ಟ್ರು_ಹಾಸನ

2020ರ ನವೆಂಬರ್‌ನಲ್ಲಿ ಪೂರ್ತಿ ತೆಗೆದು ಮುಗಿಯಿತು. ತೆಗೆದವರಲ್ಲಿ ಹೆಚ್ಚಿನವರು ಜಿಂಬಾಬ್ವೆಯವರು. ಅಷ್ಟು ವರ್ಷ ಬೇಲಿ ಹಾಕಿದ ಆ ಜಾಗಗಳಲ್ಲಿ ಪೆಂಗ್ವಿನ್‌ಗಳು ಆರಾಮಾಗಿ ಮರಿ ಮಾಡಿಕೊಂಡಿದ್ದವು. ಅವುಗಳ ತೂಕಕ್ಕೆ ನೆಲಬಾಂಬ್ ಸಿಡಿಯಲ್ಲ, ಮನುಷ್ಯರ ಕಾಟವೂ ಇಲ್ಲ.

ಶಿರಸಿ_ಅಡಿಕೆ

ಬಂದರು ತಮ್ಮಾ, ಒಂದು ಕೇಳೋದು ಬಿಟ್ಟಿದ್ದೆ. ಆ ಅಡುಗೆ ಗಾಡಿ ಮರೀನ್‌ಗಳದ್ದೇ ಅಂತ ಹೇಗೆ ಹೇಳ್ತೀಯ? ಭೂಸೇನೆಯವರದ್ದೂ ಆಗಿರಬಹುದಲ್ಲ.

ಬಂದರು_ಹುಡುಗ

ಅದರ ಮೇಲೆ ಹೆಸರೇನೂ ಉಳಿದಿಲ್ಲ ಅಣ್ಣ, ಎಲ್ಲ ತುಕ್ಕು. ಆದರೆ ಮೇಲಿನ ಮಾತೆಲ್ಲ ಓದಿದ ಮೇಲೆ ಯಾರದ್ದಾದರೇನು ಅನ್ನಿಸ್ತಿದೆ. ಆ ಹಂಡೆಯಿಂದ ವಾಸ್ಕೆಸ್ ಹುಡುಗರೂ ತಿಂದಿರಬಹುದು, ಸಿಲ್ವಾ ಹುಡುಗರೂ ತಿಂದಿರಬಹುದು.

ನವೆಂಬರ್‌ನಲ್ಲಿ ಮತ್ತೆ ಆ ಕಡೆ ಹೋಗ್ತಿದ್ದೇವೆ. ಸುಬೇದಾರ್ ಸರ್, ಏನಾದರೂ ನೋಡಿಕೊಂಡು ಬರಬೇಕಾ?

ಹಳೇ_ಬೂಟು

ಗಾಡಿಯಿಂದ ಹತ್ತಿರದ ಮೋರ್ಚಾಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿ ಬಾ. ಕೈಯಲ್ಲಿ ತುಂಬಿದ ಪಾತ್ರೆ ಇದೆ ಅಂದುಕೊಂಡು ನಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಬಂದರು_ಹುಡುಗ

ಆಯ್ತು ಸರ್. ಗ್ಯಾಲಿಯಿಂದ ಒಂದು ಹತ್ತು ಲೀಟರ್ ಪಾತ್ರೆ ಕೇಳಿ ತಗೊಂಡು ಹೋಗ್ತೇನೆ. ನೀರು ಅಲ್ಲೇ ಸಿಗುತ್ತೆ, ಅಗೆಯೋದೂ ಬೇಡ.